ಅರಗದ ಪಿಷ್ಟ, ಕರುಳಿನ ಅಣುಜೀವಿಗಳು ಮತ್ತು ಖಿನ್ನತೆ

ಹಸು-ಎಮ್ಮೆಗಳು ತಿಂದ ಮೇವನ್ನು ಮೊದಲ ಹೊಟ್ಟೆಯಲ್ಲಿರುವ ಅಣುಜೀವಿಗಳು ಹುಳಿಸಿ ಅಸಿಟಿಕ್, ಪ್ರೊಪಿಯೋನಿಕ್ ಮತ್ತು ಬ್ಯುಟಿರಿಕ್ ಆಮ್ಲಗಳನ್ನಾಗಿ ಮಾರ್ಪಡಿಸುತ್ತವೆ. ದನಕ್ಕೆ ಬೇಕಾದ ಶಕ್ತಿಯ ಬಹುಪಾಲು ಒದಗುವುದು ಇವುಗಳಿಂದಲೇ. ಮನುಷ್ಯನ ದೊಡ್ಡ ಕರುಳಿನಲ್ಲಿಯೂ ಇದೇ ಕೆಲಸ ಸಣ್ಣ ಪ್ರಮಾಣದಲ್ಲಿ ನಡೆಯುತ್ತದೆ. ಇದಕ್ಕೂ ಮಾನಸಿಕ ಒತ್ತಡಕ್ಕೂ ನಂಟಿರಬಹುದೆಂದು ಸಂಶೋಧನೆಗಳು ಸೂಚಿಸುತ್ತಿವೆ.

ಅನ್ನ, ಮುದ್ದೆ, ರೊಟ್ಟಿಗಳಲ್ಲಿರುವ ಪಿಷ್ಟದ ಹೆಚ್ಚಿನ ಭಾಗ ಸಣ್ಣ ಕರುಳಿನಲ್ಲಿಯೇ ಸಕ್ಕರೆಯಾಗಿ ರಕ್ತವನ್ನು ಸೇರುತ್ತದೆ. ಒಂದಿಷ್ಟು ಮಾತ್ರ ಅರಗದೆ ಮುಂದೆ ಸಾಗಿ ದೊಡ್ಡ ಕರುಳಿನ ಅಣುಜೀವಿಗಳಿಗೆ ಮೇವಾಗುತ್ತದೆ. ಇಂತಹ ಅರಗದ ಪಿಷ್ಟವು ಬಾಳೆಕಾಯಿ ಹಾಗೂ ಹುರುಳಿ, ಅಲಸಂದೆ, ಕಡಲೆ ಮುಂತಾದ ಕಾಳುಗಳಲ್ಲಿ ಹೆಚ್ಚು. ಬೆಂದ ಅನ್ನ ತಣ್ಣಗಾದಾಗ ಪಿಷ್ಟ ಮತ್ತೆ ಬಿಗಿಯಾಗುವುದರಿಂದ, ಬಿಸಿ ಅನ್ನಕ್ಕಿಂತ ತಂಗಳನ್ನದಲ್ಲಿ ಇದು ತುಸು ಹೆಚ್ಚಿರುತ್ತದೆ. ಹಳಸಿದ ಅನ್ನದ ಮಾತು ಬೇರೆ, ಅದನ್ನು ಉಣ್ಣಬಾರದು.

2004ರಲ್ಲಿ ಜಪಾನಿನ ಕ್ಯುಶು ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ಅಣುಜೀವಿಗಳೇ ಇಲ್ಲದಂತೆ ಬೆಳೆಸಿದ ಇಲಿಗಳನ್ನು ಅಲುಗಾಡದಂತೆ ಬಂಧಿಸಿಟ್ಟು ಪರೀಕ್ಷಿಸಿದರು. ಸಾಮಾನ್ಯ ಇಲಿಗಳಿಗಿಂತ ಇವುಗಳಲ್ಲಿ ಒತ್ತಡದ ಹಾರ್ಮೋನು ಬಹಳ ಏರಿತು. ಒಂದು ಜಾತಿಯ ಬೈಫಿಡೊ ಬ್ಯಾಕ್ಟೀರಿಯವನ್ನು ಕರುಳಿಗೆ ಸೇರಿಸಿದಾಗ ಈ ಏರಿಕೆ ಹತೋಟಿಗೆ ಬಂದಿತು. 2019ರಲ್ಲಿ ಬೆಲ್ಜಿಯಂ ದೇಶದ 1,054 ಜನರನ್ನು ಪರೀಕ್ಷಿಸಿದಾಗ, ಖಿನ್ನತೆಯಿದ್ದವರ ಕರುಳಿನಲ್ಲಿ ಕೊಪ್ರೊಕಾಕಸ್ ಮತ್ತು ಡಯಾಲಿಸ್ಟರ್ ಎಂಬ ಬ್ಯಾಕ್ಟೀರಿಯಗಳು ಕಡಿಮೆಯಿದ್ದುದು ಕಂಡುಬಂದಿತು. ಆದರೆ ಇದರಿಂದ ಕಾರಣ ಯಾವುದು, ಪರಿಣಾಮ ಯಾವುದು ಎಂದು ಹೇಳಲಾಗದು. ಮನಸ್ಸು ಕುಗ್ಗಿದವರು ನೆಟ್ಟಗೆ ಊಟವನ್ನೂ ಮಾಡುವುದಿಲ್ಲವಲ್ಲ!

ಹೆಚ್ಚು ನೇರವಾದ ಪ್ರಯೋಗ 2020ರಲ್ಲಿ ಅದೇ ದೇಶದ ಲುವೆನ್ ನಗರದಿಂದ ಪ್ರಕಟವಾಯಿತು. 66 ಆರೋಗ್ಯವಂತ ಪುರುಷರಲ್ಲಿ ಕೆಲವರಿಗೆ ದೊಡ್ಡ ಕರುಳಿನಲ್ಲಿ ಕರಗುವ ಗುಳಿಗೆಗಳ ಮೂಲಕ ಮೇಲಿನ ಮೂರು ಆಮ್ಲಗಳನ್ನೂ, ಉಳಿದವರಿಗೆ ಬರಿಯ ಗುಳಿಗೆಗಳನ್ನೂ ಒಂದು ವಾರ ಕೊಡಲಾಯಿತು. ಒತ್ತಡಕ್ಕೆ ಗುರಿಪಡಿಸಿದಾಗ, ಆಮ್ಲ ಪಡೆದವರಲ್ಲಿ ಕಾರ್ಟಿಸೋಲ್ ಎಂಬ ಒತ್ತಡದ ಹಾರ್ಮೋನು ಅಷ್ಟಾಗಿ ಏರಲಿಲ್ಲ. ಆದರೆ ಅವರ ಮನಸ್ಸಿನ ಸ್ಥಿತಿಯಲ್ಲಿ ಹೇಳಿಕೊಳ್ಳುವಂತಹ ವ್ಯತ್ಯಾಸವೇನೂ ಕಾಣಲಿಲ್ಲ. ಈ ಕೊನೆಯ ಮಾತನ್ನು ಮರೆಮಾಚಿ ಪುಡಿ, ಗುಳಿಗೆ ಮಾರುವವರ ವಿಷಯದಲ್ಲಿ ಎಚ್ಚರವಿರಬೇಕು.

ಊಟದಲ್ಲಿ ಕಾಳು, ಬಾಳೆಕಾಯಿ ಪಲ್ಯ ಹೆಚ್ಚಿಸಿಕೊಳ್ಳುವುದಕ್ಕೆ ಅಡ್ಡಿಯಿಲ್ಲ; ಒಮ್ಮೆಲೇ ಹೆಚ್ಚಿಸಿದರೆ ಹೊಟ್ಟೆ ಉಬ್ಬರಿಸುವುದರಿಂದ ಕ್ರಮೇಣ ಹೆಚ್ಚಿಸುವುದು ಒಳ್ಳೆಯದು. ಬೆಳೆ ಕೈಕೊಟ್ಟು ಸಾಲದ ಚಿಂತೆಯಲ್ಲಿ ಎರಡು ವಾರಕ್ಕೂ ಮೀರಿ ನಿದ್ದೆಗೆಟ್ಟು, ಯಾವುದರಲ್ಲಿಯೂ ಆಸಕ್ತಿಯಿಲ್ಲದೆ ಕುಳಿತವರನ್ನು ಮಾತ್ರ ಊಟದ ಬದಲಾವಣೆಯೊಂದನ್ನೇ ನಂಬಿ ಬಿಡಕೂಡದು. ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಬೇಕು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲಿರುಳು ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಸಲಹೆ ಪಡೆಯಬಹುದು.