ಹಲಗಿ ಬಡಿದು ಊರು ಕೂಡಿಸುವ ಮಕ್ಕಳು

ಬಾಲ್ಯವಿವಾಹ, ದೇವದಾಸಿ ಪದ್ಧತಿ, ತಂಬಾಕು, ಅರ್ಧಕ್ಕೆ ನಿಲ್ಲುವ ಶಾಲೆ. ಇಂಥ ವಿಷಯಗಳನ್ನು ಶಾಲಾ ಮಕ್ಕಳು ಹಾಡು, ಬೀದಿನಾಟಕ, ರೂಪಕ ಹಾಗೂ ಗೋಡೆಚಿತ್ರಗಳ ಮೂಲಕ ಊರಿನ ಮುಂದೆ ತರುವ ರೂಢಿಗೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳಲ್ಲಿ ಎರಡು ಮೂಲಗಳಿವೆ. ಒಂದು ಶಾಲೆಯ ವೇದಿಕೆ, ಇನ್ನೊಂದು ಊರಿನ ಆಟ-ಪದಗಳ ಪರಂಪರೆ. ಬೆಳಗಾವಿ ಕಂದಾಯ ಜಿಲ್ಲೆಯಲ್ಲಿದ್ದರೂ ಈ ಐದು ತಾಲ್ಲೂಕುಗಳು ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಗೆ ಸೇರುತ್ತವೆ.

ಶಾಲೆಯ ವೇದಿಕೆಗಳಲ್ಲಿ ಮುಖ್ಯವಾದುದು ಪ್ರತಿಭಾ ಕಾರಂಜಿ. ಈ ಸ್ಪರ್ಧೆ ಕ್ಲಸ್ಟರ್ ಹಂತದಿಂದ ತಾಲ್ಲೂಕು, ಜಿಲ್ಲೆ, ರಾಜ್ಯದವರೆಗೆ ಸಾಗುತ್ತದೆ. ಜಾನಪದ ಗೀತೆ, ಛದ್ಮವೇಷ, ಕೋಲಾಟದಂಥ ಕಲೆಗಳಿಗೆ ಹಳ್ಳಿಯ ಸರ್ಕಾರಿ ಶಾಲೆಯಲ್ಲೂ ತಾಲೀಮು ನಡೆಯತೊಡಗಿದ್ದಕ್ಕೆ ಇದೂ ಒಂದು ಕಾರಣ. ಪ್ರೌಢಶಾಲೆ ಮತ್ತು ಪದವಿಪೂರ್ವ ಹಂತದ ಮಕ್ಕಳಿಗಾಗಿ ಕೇಂದ್ರ ಸರ್ಕಾರ 2015ರಲ್ಲಿ ಕಲಾ ಉತ್ಸವ ಆರಂಭಿಸಿತು. ಬೀದಿಯಲ್ಲಿ ನಿಂತು ಆಡುವ ಕ್ರಮ ಈ ವೇದಿಕೆಗಳಿಗಿಂತ ಹಳೆಯದು. 1975ರಲ್ಲಿ ಹುಟ್ಟಿದ ‘ಸಮುದಾಯ’ ತಂಡದ ಜಾಥಾಗಳು, 1990ರ ದಶಕದ ಸಾಕ್ಷರತಾ ಆಂದೋಲನದ ಕಲಾಜಾಥಾಗಳು ಪರದೆ, ದೀಪಗಳಿಲ್ಲದ ನಾಟಕವನ್ನು ಕರ್ನಾಟಕದ ಹಳ್ಳಿಗಳಿಗೆ ಪರಿಚಯಿಸಿದ್ದವು.

ಊರಿನ ಪರಂಪರೆ ಇನ್ನೂ ಸಮೃದ್ಧ. ಈ ಸೀಮೆಯ ಜನಪ್ರಿಯ ಆಟವಾದ ಶ್ರೀಕೃಷ್ಣ ಪಾರಿಜಾತದಲ್ಲಿ ಭಾಗವತ ಮತ್ತು ಗೊಲ್ಲತಿಯ ಸಂವಾದ ಪುರಾಣದ ಕಥೆಯನ್ನು ಬಿಟ್ಟು ಊರ ಮಾತಿಗೆ ಇಳಿಯುತ್ತದೆ, ಪ್ರೇಕ್ಷಕರನ್ನೂ ಒಳಗೆಳೆದುಕೊಳ್ಳುತ್ತದೆ. ಗೀಗೀ ಮೇಳದಲ್ಲಿ ಮುಖ್ಯ ಹಾಡುಗಾರ ಡಪ್ಪು ಬಾರಿಸುತ್ತ ಪದ ಎತ್ತಿದರೆ, ಹಿಮ್ಮೇಳದವರು ತುಂತುಣಿ, ತಾಳಗಳೊಂದಿಗೆ ‘ಗೀ’ ಎಂದು ಸೊಲ್ಲು ಹಿಡಿಯುತ್ತಾರೆ. ಸ್ವಾತಂತ್ರ್ಯ ಚಳವಳಿಯ ಕಾಲದಲ್ಲಿ ಹುಲಕುಂದದ ಭೀಮಕವಿಯಂಥವರು ಇದೇ ಧಾಟಿಯಲ್ಲಿ ರಾಷ್ಟ್ರೀಯ ಲಾವಣಿಗಳನ್ನು ಕಟ್ಟಿದರು. ಜನರನ್ನು ಎಚ್ಚರಿಸಲು ಹಾಡನ್ನು ಬಳಸುವುದು ಈ ಭಾಗಕ್ಕೆ ಹೊಸತಲ್ಲ.

ಈ ಪರಂಪರೆಯಲ್ಲಿ ಶಾಲೆಗೆ ಹೆಚ್ಚು ಒದಗುವುದು ಹರದೇಶಿ–ನಾಗೇಶಿ. ಗಂಡು ಹೆಚ್ಚು ಎಂದು ಹರದೇಶಿ ಮೇಳ ಹಾಡಿದರೆ, ಹೆಣ್ಣು ಹೆಚ್ಚು ಎಂದು ನಾಗೇಶಿ ಮೇಳ ಸವಾಲು ಹಾಕುತ್ತದೆ. ಇದನ್ನು ಹೆಣ್ಣುಮಕ್ಕಳ ಓದಿಗೆ ಹೊಂದಿಸುವುದು ಸುಲಭ. ಏಳನೆಯ ತರಗತಿ ಮುಗಿಸಿದ ಮಗಳಿಗೆ ಲಗ್ನ ಮಾಡಿದರೆ ಜವಾಬ್ದಾರಿ ತೀರಿತು ಎಂದು ಒಂದು ಗುಂಪು ಪದ ಕಟ್ಟುತ್ತದೆ. ಹದಿನೈದಕ್ಕೆ ಬಾಣಂತಿಯಾದವಳ ಆರೋಗ್ಯಕ್ಕೆ ಯಾರು ಹೊಣೆ ಎಂದು ಇನ್ನೊಂದು ಗುಂಪು ಎದುರು ಪದ ಹಾಡುತ್ತದೆ. ಕೇಳಲು ಕುಳಿತ ಹಿರಿಯರಿಗೆ ಸವಾಲು-ಜವಾಬಿನ ರೀತಿ ಮೊದಲೇ ಗೊತ್ತಿರುವುದರಿಂದ ಮಕ್ಕಳು ಬುದ್ಧಿ ಹೇಳಲು ಬಂದಿದ್ದಾರೆ ಎನಿಸುವುದಿಲ್ಲ. ಎರಡೂ ಕಡೆಯ ಮಾತು ಹೊರಬರುವುದೇ ಈ ಪ್ರಕಾರದ ಬಲ.

ಶಾಲೆಯ ಬೀದಿನಾಟಕ ಸಾಮಾನ್ಯವಾಗಿ ಹದಿನೈದು–ಇಪ್ಪತ್ತು ನಿಮಿಷದ್ದು. ಆಡುವ ಜಾಗ ಗುಡಿಯ ಕಟ್ಟೆ, ಬಸ್ ನಿಲ್ದಾಣ ಇಲ್ಲವೇ ಸಂತೆ. ಮೊದಲು ಹಲಗಿ ಬಡಿದು ಜನರನ್ನು ಕೂಡಿಸುತ್ತಾರೆ, ಆಮೇಲೆ ಎಲ್ಲರೂ ಸೇರಿ ಒಂದು ಹಾಡು ಹೇಳುತ್ತಾರೆ. ಬೇಕಾಗುವ ಸಾಮಾನು ಕಡಿಮೆ: ಒಂದೇ ಟವೆಲ್ ಗೌಡರ ತಲೆಗೆ ರುಮಾಲು, ತಾಯಿಗೆ ಸೆರಗು, ಮದುವೆಗೆ ಅಂತರಪಟ. ಮೈಕ್ ಇಲ್ಲದ ಕಾರಣ ಮಾತು ಚಿಕ್ಕದಾಗಿರಬೇಕು, ಮುಖ್ಯ ವಾಕ್ಯವನ್ನು ಗುಂಪು ಮತ್ತೆ ಹೇಳಬೇಕು. ‘ಶಾಲಿ ಬಿಡಿಸಿ ಲಗ್ನಾ ಮಾಡ್ತೀರಿ, ನಾಳೆ ಸಹಿ ಮಾಡಾಕ ಯಾರ ಕೈ ಹಿಡೀಬೇಕ್ರಿ?’ ಎಂಬ ಧಾಟಿಯ ಮಾತು ಪುಸ್ತಕದ ಭಾಷೆಗಿಂತ ಬೇಗ ನಾಟುತ್ತದೆ. ಕನ್ನಡ ಮಾಧ್ಯಮದ ಜೊತೆಗೆ ಮರಾಠಿ ಮಾಧ್ಯಮದ ಶಾಲೆಗಳೂ ಇರುವ ಈ ತಾಲ್ಲೂಕುಗಳಲ್ಲಿ ಒಂದೇ ಆಟದಲ್ಲಿ ಅಜ್ಜಿ ಮರಾಠಿಯಲ್ಲಿ, ಮೊಮ್ಮಗಳು ಕನ್ನಡದಲ್ಲಿ ಮಾತಾಡಿದರೂ ನೋಡುವವರಿಗೆ ತೊಡಕಾಗದು. ಲಾವಣಿಯಂತೂ ಎರಡೂ ಭಾಷೆಯವರ ಸೊತ್ತು.

ವಿಷಯ ಊರಿನದೇ ಆದಾಗ ನಾಟಕಕ್ಕೆ ಜೀವ ಬರುತ್ತದೆ, ಜೋಪಾನವೂ ಹೆಚ್ಚು ಬೇಕಾಗುತ್ತದೆ. ಅಥಣಿ ತಾಲ್ಲೂಕಿನ ಕೊಕಟನೂರಿನಲ್ಲಿ ಯಲ್ಲಮ್ಮನ ಜಾತ್ರೆ ನಡೆಯುತ್ತದೆ. ದೇವಿಯ ಹೆಸರಿನಲ್ಲಿ ಹುಡುಗಿಯರಿಗೆ ಮುತ್ತು ಕಟ್ಟುವ ಪದ್ಧತಿಯ ವಿರುದ್ಧ ಮುಂಬೈ ಪ್ರಾಂತದಲ್ಲಿ 1934ರಲ್ಲಿ, ಕರ್ನಾಟಕದಲ್ಲಿ 1982ರಲ್ಲಿ ಕಾಯ್ದೆಗಳು ರೂಪುಗೊಂಡವು. ದೇವದಾಸಿ ತಾಯಂದಿರ ಮಕ್ಕಳೂ ಅದೇ ತರಗತಿಯಲ್ಲಿ ಕುಳಿತಿರಬಹುದಾದ್ದರಿಂದ ನಾಟಕ ಆ ತಾಯಿಯನ್ನು ಹೀಯಾಳಿಸಬಾರದು. ಶಾಲೆಯ ದಾಖಲಾತಿ ಅರ್ಜಿಯಲ್ಲಿ ತಂದೆಯ ಹೆಸರಿನ ಜಾಗದ ಮುಂದೆ ಪೆನ್ನು ನಿಲ್ಲಿಸಿದ ತಾಯಿಯ ಒಂದು ದೃಶ್ಯ ಸಾಕು. ಪ್ರಶ್ನೆ ಅವಳನ್ನು ಬಿಟ್ಟು ಪದ್ಧತಿಯ ಕಡೆ ತಿರುಗುತ್ತದೆ.

ನಿಪ್ಪಾಣಿಯ ಇಕ್ಕಟ್ಟು ಬೇರೆ. ತಂಬಾಕಿನ ಪೇಟೆ ಮತ್ತು ಬೀಡಿ ಉದ್ಯಮದಿಂದ ಬೆಳೆದ ಊರು ಅದು. 1981ರಲ್ಲಿ ಬೆಲೆಗಾಗಿ ತಂಬಾಕು ಬೆಳೆಗಾರರು ದೊಡ್ಡ ಹೋರಾಟ ನಡೆಸಿದ್ದು ಅಲ್ಲಿಯೇ. ಬೀಡಿ ಕಟ್ಟಿ ಮಕ್ಕಳನ್ನು ಓದಿಸುವ ತಾಯಿ ಪ್ರೇಕ್ಷಕರಲ್ಲಿ ಇರುತ್ತಾಳೆ. ಹೀಗಾಗಿ ಕೈಕೆಲಸದವರನ್ನು ದೂರುವ ಬದಲು ಕರ್ನಾಟಕದಲ್ಲಿ ತಿದ್ದುಪಡಿಯಾದ 2003ರ ತಂಬಾಕು ನಿಯಂತ್ರಣ ಕಾಯ್ದೆಯ ಎರಡು ಅಂಶ ಹಿಡಿಯುವುದು ಒಳ್ಳೆಯದು: 21 ವರ್ಷದೊಳಗಿನವರಿಗೆ ತಂಬಾಕು ಮಾರುವಂತಿಲ್ಲ, ಶಾಲೆಯ ಆಸುಪಾಸಿನಲ್ಲಿ ಮಾರುವಂತಿಲ್ಲ. ಕೃಷ್ಣಾ ದಂಡೆಯ ಅಥಣಿ, ಕಾಗವಾಡ, ರಾಯಬಾಗಗಳಲ್ಲಿ ಕಬ್ಬಿನ ಹಂಗಾಮು ಬಂತೆಂದರೆ ಕಡಿಯುವ ಗ್ಯಾಂಗಿನ ಜೊತೆ ಮಕ್ಕಳೂ ಬರುತ್ತಾರೆ. 6ರಿಂದ 14 ವರ್ಷದವರಿಗೆ ಶಿಕ್ಷಣ ಹಕ್ಕೆಂದು 2009ರ ಕಾಯ್ದೆ ಹೇಳಿದರೂ ಗುಡಿಸಲು ಬದಲಾದಂತೆ ಅವರ ಶಾಲೆ ತಪ್ಪುತ್ತದೆ. ಇದನ್ನು ಆಡಿ ತೋರಿಸಲು ಊರ ಶಾಲೆಯ ಮಕ್ಕಳಿಗೆ ಹೊರಗಿನ ಕಥೆ ಬೇಕಿಲ್ಲ.

ಈ ಕೆಲಸಕ್ಕೆ ಮಿತಿಗಳೂ ಇವೆ. ನಾಟಕ ಶಿಕ್ಷಕರಿರುವ ಶಾಲೆಗಳು ಕೆಲವೇ, ತಾಲೀಮಿನ ಹೊರೆ ಬಹುತೇಕ ಭಾಷಾ ಶಿಕ್ಷಕರ ಮೇಲೆ ಬೀಳುತ್ತದೆ. ದಿನಾಚರಣೆಗೆಂದು ಘೋಷಣೆ ಕೂಗಿ ಪ್ರಭಾತಫೇರಿ ಮುಗಿಸಿದರೆ ಬ್ಯಾನರ್ ಸುತ್ತಿಟ್ಟಲ್ಲಿಗೆ ಕಾರ್ಯಕ್ರಮವೂ ಮುಗಿಯುತ್ತದೆ. ಬಹುಮಾನವೇ ಗುರಿಯಾದಾಗ ಮಕ್ಕಳ ಮಾತಿನ ಜಾಗದಲ್ಲಿ ದೊಡ್ಡವರು ಬರೆದುಕೊಟ್ಟ ಭಾಷಣ ಬಂದು ಕೂರುತ್ತದೆ.

ಆಟ ಮುಗಿದ ಮೇಲೆ ಯಾರ ಬಳಿ ಹೋಗಬೇಕು ಎಂಬುದು ಪ್ರೇಕ್ಷಕರಿಗೆ ತಿಳಿದರೆ ಅದರ ಪ್ರಯೋಜನ ಹೆಚ್ಚು. ಬಾಲ್ಯವಿವಾಹದ ಸುಳಿವು ಸಿಕ್ಕರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು, ಶಿಶು ಅಭಿವೃದ್ಧಿ ಯೋಜನಾಧಿಕಾರಿಗೂ ತಿಳಿಸಬಹುದು. 2006ರ ಕೇಂದ್ರ ಕಾಯ್ದೆಗೆ ಕರ್ನಾಟಕ ತಂದ ತಿದ್ದುಪಡಿಯಂತೆ ಇಲ್ಲಿ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. ಶಾಲೆಯ ಪಕ್ಕದ ಅಂಗಡಿ, ಶೌಚಾಲಯ, ಬಸ್ಸಿನ ಸಮಯದಂಥ ಸಂಗತಿಗಳಿಗೆ ಗ್ರಾಮ ಪಂಚಾಯಿತಿಯ ಮಕ್ಕಳ ಗ್ರಾಮಸಭೆ ಇದೆ. ಸಂತೆಯಲ್ಲಿ ಆಡಿ ತೋರಿಸಿದ್ದನ್ನೇ ಮಕ್ಕಳು ಅಲ್ಲಿ ಬೇಡಿಕೆಯಾಗಿ ಮಂಡಿಸಿ, ಮುಂದಿನ ಸಭೆಯಲ್ಲಿ ಅದರ ಉತ್ತರ ಕೇಳಬಹುದು.