ಬಣ್ಣದ ಕೆಲಸವೂ ಬಿಲ್ಲಿನ ಲೆಕ್ಕವೂ

ಕೈಕಸಬಿನಿಂದ ಜೀವಿಸುವವರಲ್ಲಿ ಕೆಲಸ ಬಲ್ಲವರು ಅನೇಕರು. ಲೆಕ್ಕ ಬಲ್ಲವರು ವಿರಳ. ಮನೆಗಳಿಗೆ ಬಣ್ಣ ಬಳಿಯುವ ಮೇಸ್ತ್ರಿಗಳ ವಿಷಯದಲ್ಲಿ ಈ ಮಾತು ಹೆಚ್ಚಾಗಿ ಸಲ್ಲುವುದು. ನಾಲ್ಕಾರು ಆಳುಗಳನ್ನಿಟ್ಟುಕೊಂಡು, ಪುಟ್ಟಿ, ಪ್ರೈಮರು, ಎಮಲ್ಷನ್ನುಗಳನ್ನು ಕ್ರಮವರಿತು ಬಳಿದು, ಗೋಡೆಯನ್ನು ಕನ್ನಡಿಯಂತೆ ಮಾಡುವ ಕುಶಲಿಯ ಲೆಕ್ಕವು ಜೇಬಿನ ಸಣ್ಣ ಪುಸ್ತಕದಲ್ಲಿಯೋ ಬಣ್ಣದ ಡಬ್ಬದ ಮುಚ್ಚಳದ ಮೇಲೆಯೋ ಇರುವುದು. ಈಚೆಗೆ ಇಂತಹ ಸಣ್ಣ ವ್ಯವಹಾರಗಳಿಗೂ ಮೊಬೈಲ್ ಫೋನಿನಲ್ಲಿಯೇ ಬಿಲ್ಲು ಬರೆಯುವ ತಂತ್ರಾಂಶಗಳು ಬಂದಿವೆ. ಅವುಗಳಿಂದ ಆಗುವುದೇನು, ಆಗದಿರುವುದೇನು ಎಂಬುದನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ. ಬಣ್ಣ ಬಳಿಯುವ ಮನೆಯವರಿಗೂ ಬಳಿಸುವ ಮನೆಯವರಿಗೂ ಇದು ಸಮಾನವಾಗಿ ಸಂಬಂಧಿಸಿದ ವಿಷಯ.

ಮೊದಲು ನಷ್ಟವು ಎಲ್ಲಿ ಹುಟ್ಟುವುದೆಂಬುದನ್ನು ನೋಡೋಣ. 12 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರದ ಒಂದು ಕೋಣೆಯನ್ನು ತೆಗೆದುಕೊಳ್ಳಿರಿ. ಗೋಡೆಗಳು ನಾಲ್ಕೂ ಸೇರಿ 440 ಚದರ ಅಡಿ, ಛಾವಣಿ 120, ಒಟ್ಟು 560. ಚದರ ಅಡಿಗೆ 18 ರೂಪಾಯಿಯೆಂದು ಒಪ್ಪಿದ್ದರೆ 10,080 ರೂಪಾಯಿಗಳಾಗುವುವು. ಬಾಗಿಲಿನ 21 ಅಡಿಯನ್ನೂ ಕಿಟಕಿಯ 16 ಅಡಿಯನ್ನೂ ಕಳೆಯಬೇಕೆಂದು ಮನೆಯ ಯಜಮಾನನು ಹೇಳಿದರೆ ಅದೇ ಲೆಕ್ಕವು 9,414ಕ್ಕೆ ಇಳಿಯುವುದು. ವ್ಯತ್ಯಾಸ 666 ರೂಪಾಯಿ. ಅಂತಹ ಆರು ಕೋಣೆಗಳಿದ್ದರೆ 3,996. ಇಬ್ಬರಲ್ಲಿ ಯಾರೂ ವಂಚಕರಲ್ಲ. ಮೊದಲೇ ಬರೆದಿಡಲಿಲ್ಲವೆಂಬ ಒಂದೇ ಕಾರಣದಿಂದ ಕಡೆಯಲ್ಲಿ ಮನಸ್ತಾಪ.

ಎರಡನೆಯದು ಮೇಲುಗೆಲಸ. "ಹೇಗೂ ಬಂದಿದ್ದೀರಿ ಮೇಸ್ತ್ರಿ, ಕಾಂಪೌಂಡಿಗೂ ಒಂದು ಕೈ ಹೊಡೆದುಬಿಡಿ" ಎಂಬ ಮಾತನ್ನು ಕೇಳದ ಮೇಸ್ತ್ರಿಯಿಲ್ಲ. ಆ ಒಂದು ಕೈ ಎರಡು ದಿನದ ಕೂಲಿಯನ್ನು ನುಂಗುವುದು. ಯಜಮಾನನು ಅದನ್ನು ಸೌಜನ್ಯವೆಂದೆಣಿಸುವನು, ಮೇಸ್ತ್ರಿಯು ಕೆಲಸವೆಂದೆಣಿಸುವನು. ಮೂರನೆಯದು ವಿಳಂಬ. ಬಿಲ್ಲು ತಡವಾದರೆ ಹಣವೂ ತಡವಾಗುವುದು. ಶನಿವಾರದ ಬಟವಾಡೆಯಾದರೋ ಯಾರನ್ನೂ ಕಾಯುವುದಿಲ್ಲ. ಆಳುಗಳ ಕೂಲಿಗಾಗಿ ಮೇಸ್ತ್ರಿಯ ಹೆಂಡತಿಯ ಒಡವೆಯು ಒತ್ತೆಗೆ ಹೋಗುವುದು ಹೀಗೆಯೇ.

ಲೆಕ್ಕದ ಸಾಧನವು ಬದಲಾಗುವುದು ಇದೇ ಮೊದಲಲ್ಲ. ನಮ್ಮ ನಾಡಿನಲ್ಲಿ ಪೂರ್ವಕಾಲದಲ್ಲಿ ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಲಿನ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಸಿ, ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ಅದಕ್ಕೆ ಕಡತವೆಂದು ಹೆಸರು. ಕಡತದಲ್ಲಿ ಬರೆದುದನ್ನು ಒರಸಿ ಮತ್ತೆ ಬರೆಯಬಹುದಾಗಿತ್ತು. ಕಾಗದ ಮಸಿಗಳು ಬಂದ ಮೇಲೆ ಒರಸುವುದು ಕಷ್ಟವಾಯಿತು. ತಂತ್ರಾಂಶದಲ್ಲಿ ಅದು ಪುನಃ ಸುಲಭವಾಗಿದೆ. ಈ ಮಾತಿನ ಪ್ರಯೋಜನವು ಮುಂದೆ ತಿಳಿಯುವುದು. ಆರ್. ಶಾಮಶಾಸ್ತ್ರಿಗಳು ಮೈಸೂರಿನಲ್ಲಿ 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ, ಕ್ರಮವಿಲ್ಲದೆಯೋ, ಹಿಂದುಮುಂದಾಗಿಯೋ, ತಿಳಿಯದಂತೆಯೋ, ಒಂದನ್ನೇ ಎರಡು ಸಲವೋ ಬರೆಯುವ ರಾಜನ ಲೆಕ್ಕಿಗನಿಗೆ 12 ಪಣಗಳ ದಂಡವು ವಿಹಿತವಾಗಿದೆ. ಬಿಲ್ಲಿನ ತಂತ್ರಾಂಶವು ನೆರವಾಗುವುದು ಈ ನಾಲ್ಕು ದೋಷಗಳ ನಿವಾರಣೆಗೆ.

ಅದರ ಕ್ರಮವು ಹೀಗೆ: ಕೆಲಸಗಳ ಹೆಸರನ್ನೂ ದರವನ್ನೂ ಒಮ್ಮೆ ತುಂಬಿಡುವುದು. ಮನೆಯನ್ನು ಅಳೆದ ದಿನವೇ ಅಂದಾಜುಪಟ್ಟಿಯನ್ನು ಸಿದ್ಧಪಡಿಸಿ ಯಜಮಾನನ ಫೋನಿಗೆ ಕಳುಹಿಸುವುದು. ಎಷ್ಟು ಕೋಟು, ಯಾವ ಬಣ್ಣ, ಸಾಮಾನು ಯಾರದು, ಬಾಗಿಲು ಕಿಟಕಿಗಳನ್ನು ಕಳೆಯಬೇಕೋ ಬೇಡವೋ ಎಂಬುದೆಲ್ಲವೂ ಅದರಲ್ಲಿರಬೇಕು. ಮೇಲುಗೆಲಸ ಬಂದರೆ ಅಂದೇ ಒಂದು ಸಾಲು ಸೇರಿಸಿ ತಿಳಿಸುವುದು. ಕೆಲಸ ಮುಗಿದಾಗ ಅಂದಾಜುಪಟ್ಟಿಯೇ ಬಿಲ್ಲಾಗುವುದು. ಕ್ರಮಸಂಖ್ಯೆಯು ತಾನಾಗಿ ಬೀಳುವುದು. ಮುಂಗಡವು ಕಳೆದು ಬಾಕಿಯು ಕಾಣುವುದು. ವ್ಯಾಪಾರ್, ಜೋಹೋ ಇನ್‌ವಾಯ್ಸ್ ಮೊದಲಾದವು ಈ ಬಗೆಯವು. ಮೇಸ್ತ್ರಿಗೆ ಬಿಡುವಿಲ್ಲದಿದ್ದರೆ, ಓದಿದ ಮಗಳೋ ಸೊಸೆಯೋ ಸಾಯಂಕಾಲ ಸ್ವಲ್ಪ ಹೊತ್ತು ಕುಳಿತು ಇದನ್ನು ನಡೆಸಬಹುದು.

ಕಾನೂನಿನ ವಿಷಯದಲ್ಲಿ ಕೆಲವು ಭ್ರಾಂತಿಗಳುಂಟು. 2017ರ ಜುಲೈ 1ರಿಂದ ಜಾರಿಯಲ್ಲಿರುವ ಜಿಎಸ್‌ಟಿಯಲ್ಲಿ, ಕರ್ನಾಟಕದೊಳಗೆ ಸೇವೆ ಸಲ್ಲಿಸುವವನ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿಗಳನ್ನು ಮೀರದಿದ್ದರೆ ಸಾಮಾನ್ಯವಾಗಿ ನೋಂದಣಿಯು ಕಡ್ಡಾಯವಲ್ಲ. ನೋಂದಣಿಯಿಲ್ಲದವನು ಬಿಲ್ಲಿನಲ್ಲಿ ತೆರಿಗೆಯನ್ನು ವಸೂಲು ಮಾಡಕೂಡದು. ತಂತ್ರಾಂಶದಲ್ಲಿ ತೆರಿಗೆಯ ಅಂಕಣವಿದೆಯೆಂದು ತುಂಬಿಬಿಡುವುದು ಅಪರಾಧಕ್ಕೆ ದಾರಿ. ನೋಂದಾಯಿತನ ಬಿಲ್ಲಿನಲ್ಲಿ 15 ಅಕ್ಷರಾಂಕಗಳ ನೋಂದಣಿ ಸಂಖ್ಯೆಯೂ, 16ಕ್ಕೆ ಮೀರದ ಅಕ್ಷರಾಂಕಗಳ ಕ್ರಮಸಂಖ್ಯೆಯೂ ಇರತಕ್ಕದ್ದು. ಫೋನಿನಲ್ಲಿ ಬರೆದ ಬಿಲ್ಲೆಲ್ಲವೂ ಸರ್ಕಾರದ 'ಇ-ಇನ್‌ವಾಯ್ಸ್' ಅಲ್ಲ. ಸರ್ಕಾರದ ಜಾಲದಲ್ಲಿ ಬಿಲ್ಲಿಗೆ ಸಂಖ್ಯೆ ಪಡೆಯಬೇಕಾದ ಆ ನಿಯಮವು 2023ರ ಆಗಸ್ಟ್ 1ರಿಂದ 5 ಕೋಟಿ ರೂಪಾಯಿಗೆ ಮೀರಿದ ವಹಿವಾಟಿನವರಿಗೆ ಅನ್ವಯಿಸುವುದು. ಸಣ್ಣ ಮೇಸ್ತ್ರಿಗೆ ಆ ಭಯವು ಬೇಡ.

ಇನ್ನು ಒರಸುವ ಮಾತು. ಕಳುಹಿಸಿದ ಬಿಲ್ಲಿನಲ್ಲಿ ತಪ್ಪು ಕಂಡರೆ ಅದನ್ನು ಅಳಿಸಬಾರದು. ರದ್ದೆಂದು ಗುರುತಿಸಿ, ಹೊಸ ಸಂಖ್ಯೆಯಿಂದ ಬೇರೊಂದನ್ನು ಬರೆಯಬೇಕು. ನೋಂದಾಯಿತರಾದವರು ಅದಕ್ಕೆ ವಿಹಿತವಾದ ಕ್ರೆಡಿಟ್ ನೋಟಿನ ಕ್ರಮವನ್ನು ಅನುಸರಿಸತಕ್ಕದ್ದು. ಫೋನು ಕಳೆಯಬಹುದು, ಬಣ್ಣದ ಬಕೀಟಿನಲ್ಲಿ ಮುಳುಗಲೂಬಹುದು. ಆದುದರಿಂದ ಲೆಕ್ಕದ ಪ್ರತಿಯೊಂದು ಬೇರೆಡೆಯಲ್ಲಿರಲಿ. ಏಪ್ರಿಲ್ 1ರಂದು, ಹಳೆಯ ಬಾಕಿಗಳನ್ನು ಮೊದಲು ತುಂಬಿ, ಆರಂಭಿಸುವುದು ಉತ್ತಮ. ಒಂದು ತಿಂಗಳು ಹಳೆಯ ಪುಸ್ತಕವೂ ಜೊತೆಯಲ್ಲಿ ನಡೆಯಲಿ.

ಹಣ ಕೊಡುವ ಗಡುವು ಗೊತ್ತಾಗಿರದಿದ್ದಲ್ಲಿ, ಮಾಡಿದ ಕೆಲಸದ ಹಣಕ್ಕಾಗಿ ಕೆಲಸ ಮುಗಿದಂದಿನಿಂದ 3 ವರ್ಷಗಳೊಳಗೆ ದಾವೆ ಹೂಡಬೇಕೆಂದು 1963ರ ಕಾಲಪರಿಮಿತಿ ಕಾಯಿದೆಯು ಹೇಳುವುದು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಂತೆ, ಕ್ರಮವಾಗಿ ನಡೆಸಿದ ಲೆಕ್ಕವು ವಿದ್ಯುನ್ಮಾನ ರೂಪದಲ್ಲಿದ್ದರೂ ವಿಚಾರಾರ್ಹವೇ; ಆದರೆ ಅದೊಂದರಿಂದಲೇ ಸಾಲವು ಸಿದ್ಧವಾಗುವುದಿಲ್ಲ. ಅಂದಾಜುಪಟ್ಟಿಗೆ ಯಜಮಾನನ ಒಪ್ಪಿಗೆಯನ್ನು ಬರಹದಲ್ಲಿ ಪಡೆದಿರಬೇಕೆಂಬುದಕ್ಕೆ ಇದೇ ಕಾರಣ. ಯಂತ್ರವು ಬರೆದುದನ್ನು ಕಾಯುವುದು. ಇಬ್ಬರು ಒಪ್ಪಿದರೆಂಬುದನ್ನು ಮನುಷ್ಯರೇ ಬರೆಯಬೇಕು.

ಬಣ್ಣ ಬಳಿಸುವ ಗೃಹಸ್ಥರಿಗೂ ಒಂದು ವಿಜ್ಞಾಪನೆ. ಅಂದಾಜುಪಟ್ಟಿಯನ್ನು ನೀವೇ ಕೇಳಿರಿ. ಓದಿ, ಸಂದೇಹವಿದ್ದರೆ ಕೆಲಸಕ್ಕೆ ಮೊದಲೇ ಹೇಳಿರಿ. ಬಿಲ್ಲು ಬಂದ ಮೇಲೆ ಹೇಳಿದ ದಿನ ಹಣ ಕೊಡಿರಿ. ನಿಮ್ಮ ಗೋಡೆಯ ಹೊಳಪಿನಲ್ಲಿ ನಾಲ್ಕಾರು ಮನೆಗಳ ಶನಿವಾರದ ಅಡಿಗೆಯೂ ಸೇರಿದೆ.