ಬಂದಳಿಕೆಯಿಂದ ಬೆಂಗಳೂರಿಗೆ: ಹಳೆಯ ಪೇಟೆ, ಹೊಸ ಬಡಾವಣೆ

ಶಿಕಾರಿಪುರ ತಾಲ್ಲೂಕಿನ ಬಂದಳಿಕೆ ಇಂದು ಕಾಡಿನ ನಡುವೆ ಮೌನವಾಗಿ ನಿಂತಿರುವ ಗುಡಿಗಳ ಊರು. ತ್ರಿಮೂರ್ತಿ ದೇವಾಲಯ, ಸೋಮೇಶ್ವರ ದೇವಾಲಯ, ಶಾಂತಿನಾಥ ಬಸದಿಗಳ ಕಲ್ಲುಗಂಬಗಳ ನಡುವೆ ಸುತ್ತಾಡುವವರಿಗೆ ಇದು ಒಂದು ಕಾಲದಲ್ಲಿ ನಾಗರಖಂಡ ಎಪ್ಪತ್ತರ ರಾಜಧಾನಿಯಾಗಿತ್ತೆಂದು ಹೇಳಿದರೆ ಒಡನೆ ನಂಬಿಕೆ ಬಾರದು. ರಾಷ್ಟ್ರಕೂಟರ ಇಮ್ಮಡಿ ಕೃಷ್ಣನ ಆಳ್ವಿಕೆಯಲ್ಲಿ ಈ ನಾಡಿನ ಗಾವುಂಡನು ತೀರಿಕೊಂಡಾಗ ಅವನ ಹೆಂಡತಿ ಜಕ್ಕಿಯಬ್ಬೆಯು ನಾಡಿನ ಆಡಳಿತವನ್ನು ವಹಿಸಿಕೊಂಡು ಸಮರ್ಥವಾಗಿ ನಡೆಸಿದಳೆಂದು ಶಾಸನವು ಸಾರುತ್ತದೆ. ಇದೇ ತಾಲ್ಲೂಕಿನ ಬಳ್ಳಿಗಾವಿಯಾದರೋ ಮೂರು ಪುರ, ಐದು ಮಠ, ಏಳು ಬ್ರಹ್ಮಪುರಿಗಳಿದ್ದ ಮಹಾಪಟ್ಟಣ, ಅಲ್ಲಮಪ್ರಭುವಿನ ಜನ್ಮಸ್ಥಳ. ಆದುದರಿಂದ ಕೇರಿಕೇರಿಗೊಂದು ಹೆಸರು, ಕೇರಿಕೇರಿಗೊಂದು ಕಸುಬು ಇರುವ ಪಟ್ಟಣವೆಂಬುದು ನಮ್ಮ ಸೀಮೆಯ ಜನಕ್ಕೆ ಹೊಸದೇನೂ ಅಲ್ಲ.

ಆದರೂ ಇಂದು ನಮ್ಮ ಎಷ್ಟೋ ಹಿರಿಯರು ಬೆಂಗಳೂರೆಂದರೆ ಅಂಜುತ್ತಾರೆ. ಮಗನೋ ಮಗಳೋ ಕೆಲಸದ ನಿಮಿತ್ತ ಅಲ್ಲಿ ನೆಲೆಸಿದ್ದಾರೆ. ಬಾಣಂತನಕ್ಕೆಂದೋ, ಮೊಮ್ಮಕ್ಕಳನ್ನು ನೋಡಿಕೊಳ್ಳಲೆಂದೋ, ಆಸ್ಪತ್ರೆಯ ಕೆಲಸಕ್ಕೆಂದೋ ತಾಯಿತಂದೆಯರು ಹೋಗಿ ತಿಂಗಳುಗಟ್ಟಲೆ ಇರಬೇಕಾಗುತ್ತದೆ. ಊರಿನಲ್ಲಿ ಬೆಳಗಾದರೆ ತೋಟಕ್ಕೆ, ಗುಡಿಗೆ, ಸಂತೆಗೆ ತಾವಾಗಿಯೇ ಹೋಗಿಬರುತ್ತಿದ್ದವರು ಅಲ್ಲಿ ಮೂರನೆಯ ಮಹಡಿಯ ಕಿಟಕಿಯ ಬಳಿ ಕುಳಿತು ರಸ್ತೆ ನೋಡುವಂತಾಗುತ್ತದೆ. “ನೀವೊಬ್ಬರೇ ಹೊರಗೆ ಹೋಗಬೇಡಿ ಅಮ್ಮ, ದಾರಿ ತಪ್ಪೀತು” ಎಂದು ಮಕ್ಕಳು ಹೇಳುವುದು ಪ್ರೀತಿಯಿಂದಲೇ. ಆದರೆ ಆ ಪ್ರೀತಿಯಿಂದಲೇ ಹಿರಿಯರ ಕಾಲು ಕಟ್ಟಿದಂತಾಗುತ್ತದೆ. “ಯಾವಾಗ ಊರಿಗೆ ಹೋದೇನೋ” ಎಂಬ ಹಂಬಲ ಹುಟ್ಟುವುದು ಊರಿನ ಮೋಹದಿಂದ ಮಾತ್ರವಲ್ಲ, ನಗರದಲ್ಲಿ ತಮ್ಮ ಕಾಲ ಮೇಲೆ ತಾವು ನಡೆಯಲಾರದ ಸಂಕಟದಿಂದಲೂ ಹೌದು. ಈ ಸಂಕಟಕ್ಕೆ ಪರಿಹಾರವಿದೆಯೆಂಬುದೇ ನಮ್ಮ ಈ ಬರಹದ ಆಶಯ.

ಕಸುಬನ್ನು ಕೇಳಿ ನಡೆಯುವ ಪೇಟೆ

ಬೆಂಗಳೂರನ್ನು ಅರಿಯಬೇಕಾದವರು ಮೊದಲು ಪೇಟೆಯಲ್ಲಿ ನಡೆಯಬೇಕು. 1537ರಲ್ಲಿ ಕೆಂಪೇಗೌಡರು ಕಟ್ಟಿಸಿದ ಊರಿಗೆ ಎರಡೇ ಮುಖ್ಯ ಬೀದಿಗಳು ಬೆನ್ನೆಲುಬು. ಉತ್ತರದಿಂದ ದಕ್ಷಿಣಕ್ಕೆ ಹರಿಯುವ ದೊಡ್ಡಪೇಟೆ ಈಗ ಅವೆನ್ಯೂ ರಸ್ತೆಯೆನಿಸಿಕೊಂಡಿದೆ. ಅದನ್ನು ಕೂಡುವುದು ಚಿಕ್ಕಪೇಟೆಯ ಬೀದಿ. ಈ ಕೂಡುಚೌಕದಿಂದಲೇ ನಾಲ್ಕು ದಿಕ್ಕಿಗೆ ಎತ್ತುಗಳನ್ನು ಹೂಡಿ ಗೆರೆ ಎಳೆಸಿದರೆಂಬುದು ಐತಿಹ್ಯ. ಮೈಸೂರು ಬ್ಯಾಂಕ್ ವೃತ್ತದಿಂದ ಅವೆನ್ಯೂ ರಸ್ತೆಯಲ್ಲಿ ದಕ್ಷಿಣಕ್ಕೆ ನಡೆದರೆ ಕೃಷ್ಣರಾಜ ಮಾರುಕಟ್ಟೆ ಸಿಗುತ್ತದೆ. ಈ ಒಂದು ದಾರಿ ಮನಸ್ಸಿನಲ್ಲಿ ನಿಂತರೆ ಉಳಿದ ಪೇಟೆಗಳು ತಾವಾಗಿ ಎಡಬಲಗಳಲ್ಲಿ ಕೂಡಿಕೊಳ್ಳುತ್ತವೆ. ಪಶ್ಚಿಮಕ್ಕೆ ಬಳೇಪೇಟೆ, ಅರಳೇಪೇಟೆ, ಅಕ್ಕಿಪೇಟೆ. ಪೂರ್ವಕ್ಕೆ ನಗರ್ತಪೇಟೆ, ಕುಂಬಾರಪೇಟೆ, ತಿಗಳರಪೇಟೆ. ಮಾರುಕಟ್ಟೆಯ ಆಸುಪಾಸಿನಲ್ಲಿ ತರಗುಪೇಟೆ, ಮಾಮೂಲುಪೇಟೆ.

ಹೆಸರುಗಳನ್ನು ಗಮನಿಸಿರಿ. ಬಳೆ, ಅರಳೆ, ಅಕ್ಕಿ, ತರಗು ಮುಂತಾದವೆಲ್ಲ ಸರಕಿನ ಹೆಸರುಗಳು. ಕುಂಬಾರ, ಗಾಣಿಗ, ತಿಗಳ ಮುಂತಾದವು ದುಡಿಯುವ ಜನರ ಹೆಸರುಗಳು. ಇಲ್ಲಿ ಮನೆಯ ಸಂಖ್ಯೆಯನ್ನು ಹಿಡಿದು ಹೊರಟರೆ ಸುತ್ತಿ ಸುಸ್ತಾಗುವುದೇ ಹೆಚ್ಚು. ಕಸುಬನ್ನು ಹೇಳಿ ಕೇಳಿದರೆ ಅಂಗಡಿಯವರು ಕೈತೋರುತ್ತಾರೆ. ಸರಕುಗಳು ಕಾಲಕ್ಕೆ ತಕ್ಕಂತೆ ಬದಲಾಗಿವೆಯಾದರೂ ರೇಷ್ಮೆ ಸೀರೆಗೆ ಚಿಕ್ಕಪೇಟೆ, ಪುಸ್ತಕಕ್ಕೆ ಅವೆನ್ಯೂ ರಸ್ತೆ, ಹೂವಿಗೆ ಮಾರುಕಟ್ಟೆ ಎಂಬ ವಾಡಿಕೆ ಇಂದಿಗೂ ಇದೆ. ಶಿರಾಳಕೊಪ್ಪದ ಸಂತೆಯಲ್ಲಿ ಯಾವ ಸಾಲಿನಲ್ಲಿ ಏನು ಸಿಗುತ್ತದೆಂದು ಬಲ್ಲವರಿಗೆ ಈ ಕ್ರಮ ತಿಳಿಯಲು ತಡವಾಗದು. ಓಣಿಗಳು ಇಕ್ಕಟ್ಟಾದವು; ಕೈಗಾಡಿ, ಸ್ಕೂಟರು, ಹೊರೆಯಾಳುಗಳ ನಡುವೆ ಕಾಲ್ನಡಿಗೆಯೇ ಸುಲಭ. ಬೆಳಗಿನ ಹೊತ್ತು ಹೋಗುವುದು ವಯಸ್ಸಾದವರಿಗೆ ಲೇಸು.

ಮಾಮೂಲುಪೇಟೆಯ ಮಾತು ಬಂದಾಗ ನಮ್ಮ ಸಮಾಜದವರು ನೆನೆಯಲೇಬೇಕಾದ ಪುಣ್ಯಪುರುಷರು ಗುಬ್ಬಿ ತೋಟದಪ್ಪನವರು. 1838ರಲ್ಲಿ ಗುಬ್ಬಿಯಲ್ಲಿ ಜನಿಸಿ, ಬಾಲ್ಯದಲ್ಲಿಯೇ ಬೆಂಗಳೂರಿಗೆ ಬಂದು, ಮಾಮೂಲುಪೇಟೆಯಲ್ಲಿ ವ್ಯಾಪಾರ ನಡೆಸಿ ಗಳಿಸಿದ ಸಂಪತ್ತನ್ನು ಧರ್ಮಕಾರ್ಯಕ್ಕೆ ವಿನಿಯೋಗಿಸಿದರು. ರೈಲು ನಿಲ್ದಾಣದ ಸಮೀಪದಲ್ಲಿ ಅವರು ಕಟ್ಟಿಸಿದ ಧರ್ಮಛತ್ರವು 1903ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರಿಂದ ಉದ್ಘಾಟನೆಗೊಂಡಿತು. ಹಳ್ಳಿಗಳಿಂದ ಓದಲು ಬರುವ ಸಮಾಜದ ಬಾಲಕರಿಗಾಗಿ ಉಚಿತ ವಿದ್ಯಾರ್ಥಿನಿಲಯವನ್ನೂ ಅವರು ಆರಂಭಿಸಿದರು. ಗುರುತು ಪರಿಚಯವಿಲ್ಲದ ಊರಿನಲ್ಲಿ ಇಳಿದವರಿಗೆ ಮೊದಲ ರಾತ್ರಿ ತಲೆಯ ಮೇಲೊಂದು ಸೂರು ಬೇಕೆಂಬುದನ್ನು, ಸ್ವತಃ ಹೊರಊರಿನಿಂದ ಬಂದಿದ್ದ ಆ ವರ್ತಕರು ಮನಗಂಡಿದ್ದರು. ದಾರಿಹೋಕನ ಕಷ್ಟವನ್ನು ಅರಿತು ನೆರವಾಗುವುದೂ ದಾಸೋಹವೇ ಅಲ್ಲವೇ?

ಸಂಖ್ಯೆಯನ್ನು ಹಿಡಿದು ಹೋಗುವ ಬಡಾವಣೆ

ಪೇಟೆಯ ಪೂರ್ವದಲ್ಲಿ 1809ರಲ್ಲಿ ಬ್ರಿಟಿಷರ ದಂಡು ಬಂದು ನೆಲೆಸಿತು. ಅಲ್ಲಿಂದ ಮುಂದೆ ಬೆಂಗಳೂರು ಒಂದು ಊರಾಗಿರದೆ ಎರಡು ಊರುಗಳಾದವು. 1864ರಲ್ಲಿ ಮೊದಲ ರೈಲು ಬಂದು ನಿಂತದ್ದೂ ದಂಡಿನ ನಿಲ್ದಾಣದಲ್ಲಿಯೇ. ಎರಡೂ ಸೇರಿ ಒಂದೇ ನಗರಪಾಲಿಕೆಯಾದುದು 1949ರಲ್ಲಿ. ಈ ನಡುವೆ 1898ರ ಪ್ಲೇಗಿನ ಹಾವಳಿಯಿಂದ ಪೇಟೆಯ ಇಕ್ಕಟ್ಟಿನಿಂದ ಜನ ಹೊರಬೀಳಬೇಕಾಯಿತು. ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ತುಂಬಿಕೊಂಡವು. ಒಂದಕ್ಕೆ ಕಾಡುಮಲ್ಲೇಶ್ವರನ ಹೆಸರು, ಇನ್ನೊಂದಕ್ಕೆ ದೊಡ್ಡ ಬಸವಣ್ಣನ ಗುಡಿಯ ಹೆಸರು. ಕಾರ್ತಿಕಮಾಸದ ಕಡೆಯ ಸೋಮವಾರ ಆ ಬಸವಣ್ಣನ ಮುಂದೆ ಕಡಲೆಕಾಯಿ ಪರಿಷೆ ಇಂದಿಗೂ ನೆರೆಯುತ್ತದೆ.

ಸ್ವಾತಂತ್ರ್ಯಾನಂತರ ಜಯನಗರ, ರಾಜಾಜಿನಗರಗಳು ಎದ್ದವು. ಅಲ್ಲಿಂದಾಚೆಗೆ ಸಂಖ್ಯೆಗಳ ರಾಜ್ಯಭಾರ. ಇಷ್ಟನೆಯ ಹಂತ, ಇಷ್ಟನೆಯ ಬ್ಲಾಕ್, ಇಷ್ಟನೆಯ ಮೈನ್, ಇಷ್ಟನೆಯ ಕ್ರಾಸ್ ಎಂಬುದೇ ವಿಳಾಸ. ಮೈನ್ ಎಂದರೆ ಉದ್ದದ ಬೀದಿ. ಕ್ರಾಸ್ ಎಂದರೆ ಅದನ್ನು ಕತ್ತರಿಸುವ ಅಡ್ಡಬೀದಿ. ಕ್ರಾಸುಗಳು ಸಾಮಾನ್ಯವಾಗಿ ಸಾಲಾಗಿ ಏರುತ್ತ ಇಳಿಯುತ್ತ ಹೋಗುವುದರಿಂದ ಎರಡು ಬೀದಿಯ ಫಲಕಗಳನ್ನು ನೋಡಿದರೆ ಯಾವ ಕಡೆ ನಡೆಯಬೇಕೆಂದು ತಿಳಿಯುತ್ತದೆ. ತೊಡಕಿರುವುದು ಒಂದೇ: ಐದನೆಯ ಮೈನ್ ಬಡಾವಣೆಗೊಂದು ಇರುತ್ತದೆ. ಬಡಾವಣೆಯ, ಹಂತದ, ಬ್ಲಾಕಿನ ಹೆಸರನ್ನು ಹೇಳದೆ “ಐದನೇ ಮೈನ್” ಎಂದಷ್ಟೇ ಕೇಳಿದರೆ ಆಟೋದವನು ಕರೆದೊಯ್ದ ಕಡೆಗೆ ಹೋಗಬೇಕಾದೀತು.

ಇನ್ನೂ ಹೊಸ ಬಡಾವಣೆಗಳಿಗೆ ಇಂಗ್ಲಿಷಿನ ಮೂರಕ್ಷರಗಳ ಹೆಸರು. ಕೇಳಿದೊಡನೆ ಹಿರಿಯರು ಕೈಚೆಲ್ಲುತ್ತಾರೆ. ಆದರೆ ಬಿಟಿಎಂ ಎಂಬುದನ್ನು ಬಿಡಿಸಿ ನೋಡಿರಿ: ಬೈರಸಂದ್ರ, ತಾವರೆಕೆರೆ, ಮಡಿವಾಳ. ಮೂರೂ ಹಳ್ಳಿಗಳು! ಬೆಂಗಳೂರಿನ ಸುತ್ತಲ ಹೆಸರುಗಳ ತುದಿಯಲ್ಲಿ ಹಳ್ಳಿ, ಪಾಳ್ಯ, ಕೆರೆ, ಕುಂಟೆ, ಸಂದ್ರ ಎಂಬ ಮಾತುಗಳು ಎಷ್ಟು ಸಲ ಬರುತ್ತವೆ! ಸಂದ್ರವೆಂದರೆ ಸಮುದ್ರ, ಅರ್ಥಾತ್ ದೊಡ್ಡ ಕೆರೆ. ನಾವು ಬಸ್ಸಿನಿಂದ ಇಳಿಯುವ ಕೆಂಪೇಗೌಡ ನಿಲ್ದಾಣವಿರುವುದೂ ಧರ್ಮಾಂಬುಧಿ ಕೆರೆಯ ಅಂಗಳದಲ್ಲಿಯೇ. ಒಂದು ಸಿನಿಮಾ ಮಂದಿರದಿಂದಾಗಿ ಅದಕ್ಕೆ ಮೆಜೆಸ್ಟಿಕ್ ಎಂಬ ಹೆಸರು ಅಂಟಿಕೊಂಡಿತು. ಗಾಜಿನ ಕಟ್ಟಡಗಳ ಹಿಂದಿನ ಓಣಿಯಲ್ಲಿ ಹಳೆಯ ಹಳ್ಳಿಯ ಗುಡಿ, ಅರಳಿಕಟ್ಟೆಗಳು ಹಲವೆಡೆ ಉಳಿದಿವೆ. ಸಂಜೆ ಅಲ್ಲಿ ಕುಳಿತವರಲ್ಲಿ ಕನ್ನಡದ ಮಾತೂ ಸಿಗುತ್ತದೆ, ದಾರಿಯೂ ಸಿಗುತ್ತದೆ. ಕೆರೆ, ಗುಡಿ, ಕಸುಬುಗಳ ಜಾಡು ಹಿಡಿಯಬಲ್ಲ ಹಳ್ಳಿಯ ಕಣ್ಣು ನಗರದಲ್ಲಿ ಕುರುಡಾಗಬೇಕಿಲ್ಲ.

ಓಡಾಟದ ಅನುಕೂಲ

ಹಿಂದಿನವರಿಗಿಲ್ಲದ ಒಂದು ಅನುಕೂಲ ಈಗ ಒದಗಿದೆ. 2011ರಲ್ಲಿ ಆರಂಭವಾದ ಮೆಟ್ರೊ ರೈಲು ಹಳೆಯ ಊರನ್ನೂ ಹೊಸ ಊರನ್ನೂ ಒಂದೇ ದಾರದಲ್ಲಿ ಪೋಣಿಸಿದೆ. ಮೂರು ಮಾರ್ಗಗಳು, ಮೂರು ಬಣ್ಣಗಳು. ಹಸಿರು ಮಾರ್ಗವು ತುಮಕೂರು ರಸ್ತೆಯ ಮಾದಾವರದಿಂದ ಹೊರಟು, ಯಶವಂತಪುರ, ಮೆಜೆಸ್ಟಿಕ್ ಹಾದು, ದಕ್ಷಿಣದ ರೇಷ್ಮೆ ಸಂಸ್ಥೆಯವರೆಗೆ ಹೋಗುತ್ತದೆ. ನೇರಳೆ ಮಾರ್ಗವು ಪಶ್ಚಿಮದ ಚಲ್ಲಘಟ್ಟದಿಂದ ಕೆಂಗೇರಿ, ವಿಜಯನಗರ, ಮೆಜೆಸ್ಟಿಕ್, ವಿಧಾನಸೌಧಗಳ ಮೂಲಕ ಪೂರ್ವದ ವೈಟ್‌ಫೀಲ್ಡ್ ತಲುಪುತ್ತದೆ. 2023ರ ಅಕ್ಟೋಬರಿನಲ್ಲಿ ಇದು ಪೂರ್ಣವಾಯಿತು. 2025ರ ಆಗಸ್ಟಿನಲ್ಲಿ ತೆರೆದ ಹಳದಿ ಮಾರ್ಗವು ಆರ್.ವಿ. ರಸ್ತೆಯಿಂದ ಜಯದೇವ ಆಸ್ಪತ್ರೆ, ಎಲೆಕ್ಟ್ರಾನಿಕ್ ಸಿಟಿಗಳ ಮೇಲೆ ಬೊಮ್ಮಸಂದ್ರಕ್ಕೆ ಹೋಗುತ್ತದೆ. ಹಸಿರು–ನೇರಳೆ ಬದಲಿಸಲು ಮೆಜೆಸ್ಟಿಕ್, ಹಸಿರು–ಹಳದಿ ಬದಲಿಸಲು ಆರ್.ವಿ. ರಸ್ತೆ. ಇಷ್ಟು ನೆನಪಿದ್ದರೆ ಸಾಕು. ನಿಲ್ದಾಣದ ಹೆಸರು ಕನ್ನಡದಲ್ಲಿ ಬರೆದಿದೆ. ಮುಂದಿನ ನಿಲ್ದಾಣವನ್ನು ಗಾಡಿಯೊಳಗೆ ಕನ್ನಡದಲ್ಲಿ ಕೂಗುತ್ತಾರೆ. ಮೆಟ್ಟಿಲು ಹತ್ತಲಾರದವರಿಗೆ ಲಿಫ್ಟ್ ಇದೆ.

ಮೆಜೆಸ್ಟಿಕ್‌ನಿಂದ ದಕ್ಷಿಣಕ್ಕೆ ಹೊರಟರೆ ಮೊದಲನೆಯದೇ ಚಿಕ್ಕಪೇಟೆ, ಎರಡನೆಯದು ಕೃಷ್ಣರಾಜ ಮಾರುಕಟ್ಟೆ. ಪೇಟೆಯ ಕೆಳಗೆ ನೆಲದೊಳಗೆ ಸಾಗುವ ಈ ದಾರಿ 2017ರಲ್ಲಿ ತೆರೆಯಿತು. ಎಂಟನೆಯ ನಿಲ್ದಾಣ ಬನಶಂಕರಿ. ಬಂದಳಿಕೆಯ ಬನಶಂಕರಿಗೆ ನಡೆದುಕೊಳ್ಳುವ ಮನೆಗಳವರಿಗೆ ಈ ಹೆಸರನ್ನು ಯಾರೂ ಕಲಿಸಬೇಕಿಲ್ಲ. ಇಲ್ಲಿಯೂ ದೇವಿಯ ಗುಡಿ ನಿಲ್ದಾಣದ ಸಮೀಪದಲ್ಲಿಯೇ ಇದೆ.

ಹೆಣ್ಣುಮಕ್ಕಳಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ನಗರದ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣವಿದೆ. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಜೊತೆಗಿರಬೇಕು. ಹವಾನಿಯಂತ್ರಿತ ಬಸ್ಸಿಗೂ ಮೆಟ್ರೊಗೂ ಈ ಸೌಲಭ್ಯ ಅನ್ವಯಿಸದು. ಒಂದು ನಾಡನ್ನೇ ಆಳಿದ ಜಕ್ಕಿಯಬ್ಬೆಯ ಸೀಮೆಯ ತಾಯಂದಿರು, ಕೈಯಲ್ಲಿ ಚೀಟಿಯಿದ್ದೂ ನಾಲ್ಕು ನಿಲ್ದಾಣದಾಚೆಯ ತಂಗಿಯ ಮನೆಗೆ ಹೋಗಲು ಮಗನ ಭಾನುವಾರಕ್ಕಾಗಿ ಕಾಯುವುದು ತರವೇ?

ಮನೆಯವರಲ್ಲಿ ಒಂದು ಬಿನ್ನಹ

ನಗರದಲ್ಲಿರುವ ಮಕ್ಕಳು ಹಿರಿಯರು ಬಂದ ಮೊದಲ ವಾರದಲ್ಲಿಯೇ ಕೆಲವು ಕೆಲಸಗಳನ್ನು ಮಾಡಬೇಕು. ಗಟ್ಟಿ ಕಾಗದದ ಮೇಲೆ ದಪ್ಪ ಕನ್ನಡ ಅಕ್ಷರಗಳಲ್ಲಿ ಮನೆಯ ಸಂಖ್ಯೆ, ಕ್ರಾಸ್, ಮೈನ್, ಹಂತ, ಬಡಾವಣೆ, ಹತ್ತಿರದ ಗುಡಿಯ ಅಥವಾ ಶಾಲೆಯ ಗುರುತು, ಬಸ್ ನಿಲ್ದಾಣ, ಮೆಟ್ರೊ ನಿಲ್ದಾಣ, ಎರಡು ದೂರವಾಣಿ ಸಂಖ್ಯೆಗಳನ್ನು ಬರೆದು ಅವರ ಜೇಬಿನಲ್ಲಿ, ಸಂಚಿಯಲ್ಲಿ ಇರಿಸಬೇಕು. ಮೊದಲನೆಯ ಸಲ ಕೈಹಿಡಿದು ಕರೆದೊಯ್ಯಬೇಕು. ಎರಡನೆಯ ಸಲ ಅವರನ್ನು ಮುಂದೆ ಬಿಟ್ಟು ತಾವು ಹಿಂದೆ ನಡೆಯಬೇಕು. ದಾರಿಯನ್ನು ಅವರೇ ಹೇಳಲಿ. ಮೂರನೆಯ ಸಲ ಒಬ್ಬರೇ ಹೋಗಿಬರಲಿ. ಮೊದಲು ಬೀದಿಯ ಕೊನೆಯ ಗುಡಿ, ಅನಂತರ ತರಕಾರಿ ಅಂಗಡಿ, ಅದಾದ ಮೇಲೆ ಒಂದು ನಿಲ್ದಾಣದ ದೂರ. ಹೀಗೆ ಹಂತಹಂತವಾಗಿ ಧೈರ್ಯ ಬೆಳೆಯುತ್ತದೆ. ದೃಷ್ಟಿ ಮಂದವಾದವರಿಗೆ, ಮರೆವಿನ ಬಾಧೆಯುಳ್ಳವರಿಗೆ ಮಾತ್ರ ಜೊತೆ ತಪ್ಪಬಾರದು.

ಹಿರಿಯರೂ ಸಂಕೋಚವನ್ನು ಬಿಡಬೇಕು. “ಅಣ್ಣಾ, ಇದು ಎಷ್ಟನೇ ಕ್ರಾಸು?” ಎಂದು ಕೇಳುವುದರಲ್ಲಿ ಅವಮಾನವೇನಿಲ್ಲ. ಊರಿನಲ್ಲಿ ಬಂದ ಅಪರಿಚಿತರಿಗೆ ನಾವು ಎಷ್ಟು ಸಲ ದಾರಿ ತೋರಿಲ್ಲ! ಮುಂದಿನ ಬಾರಿ ಶಿಕಾರಿಪುರ ಸೊರಬಗಳ ಕಡೆಯಿಂದ ಬಸ್ಸು ಹತ್ತುವ ತಾಯಿತಂದೆಯರು ಕಿಟಕಿಯ ಬಳಿ ಕುಳಿತು ದಿನ ಎಣಿಸದೆ, ಒಂದು ಬೆಳಗ್ಗೆ ತಾವೇ ಚಿಕ್ಕಪೇಟೆಯಲ್ಲಿ ಇಳಿದು, ದೊಡ್ಡಪೇಟೆಯ ಉದ್ದಕ್ಕೂ ನಡೆದು, ಮಾರುಕಟ್ಟೆಯಿಂದ ಪೂಜೆಗೆ ಒಂದು ಮೊಳ ಹೂ ಕೊಂಡು ಮಧ್ಯಾಹ್ನದೊಳಗೆ ಮನೆ ಸೇರುವಂತಾಗಲಿ ಎಂದು ನಾವು ಹಾರೈಸುತ್ತೇವೆ.